ಸೀಸ ತೆಗೆದ ಮೇಲೆ ಬೆಳೆದ ತವರದ ಕೂದಲು

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕೋದನ್ನ ನೋಡಿದ್ದೀರಾ? ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ತಾಗಿಸಿ, ಬಟ್ಟೆಯಲ್ಲಿ ಒಂದು ಸುತ್ತು ಉಜ್ಜಿದರೆ ಒಳಗೆಲ್ಲ ಬೆಳ್ಳಿ ಥರ ಹೊಳಪು. ಹುಳಿ ಹಾಕಿದ ಸಾರು ಕಿಲುಬದಿರಲಿ ಅಂತ ಅಜ್ಜಿಯಂದಿರು ಮಾಡಿಸ್ತಿದ್ದ ಕೆಲಸ. ಕಲಾಯಿಯವನು ತವರಕ್ಕೆ ಸೀಸ ಬೆರೆಸಿದರೆ ಮಾತ್ರ ಅದು ವಿಷ.

ಅದೇ ತವರದ ಲೇಪ ನಿಮ್ಮ ಮೊಬೈಲ್ ಒಳಗಿನ ಬಿಡಿಭಾಗಗಳ ಕಾಲುಗಳ ಮೇಲೂ ಇದೆ. ಆದರೆ ಅಲ್ಲಿ ಸೀಸದ ಕಥೆಯೇ ಉಲ್ಟಾ.

1940ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್ ಕಂಪನಿಯ ಟೆಲಿಫೋನ್ ಉಪಕರಣಗಳು ಕಾರಣವಿಲ್ಲದೆ ಕೆಡತೊಡಗಿದವು. ಬಿಚ್ಚಿ ನೋಡಿದರೆ ಕ್ಯಾಡ್ಮಿಯಂ ಲೇಪದ ಮೇಲೆ ಕೂದಲು ಬೆಳೆದಿತ್ತು! ಲೋಹದ ಕೂದಲು, ವಿದ್ಯುತ್ ಹರಿಯುವಂಥದ್ದು. ಎರಡು ಭಾಗಗಳ ನಡುವೆ ಸೇತುವೆ ಕಟ್ಟಿ ಶಾರ್ಟ್ ಮಾಡ್ತಿತ್ತು. ಸರಿ, ತವರ ಹಾಕೋಣ ಅಂದರೆ ತವರವೂ ಹಾಗೇ ಬೆಳೆಯಿತು. ಲೇಪದೊಳಗೆ ಒತ್ತಡ ಇದ್ದರೆ ಅದು ಬುಡದಿಂದ ಲೋಹವನ್ನು ಹೊರಗೆ ತಳ್ಳುತ್ತೆ. ದಪ್ಪ ಕೆಲವೇ ಮೈಕ್ರಾನ್, ಉದ್ದ ಕೆಲವೊಮ್ಮೆ ಮಿಲಿಮೀಟರ್‌ಗಟ್ಟಲೆ. ತಿಂಗಳುಗಳಾದ ಮೇಲೋ ವರ್ಷಗಳಾದ ಮೇಲೋ ಕಾಣಿಸಿಕೊಳ್ಳುತ್ತೆ, ಹಾಗಾಗಿ ಫ್ಯಾಕ್ಟರಿಯ ಟೆಸ್ಟ್‌ನಲ್ಲಿ ಎಲ್ಲ ಪಾಸ್. ಬೆಲ್ ಲ್ಯಾಬ್ಸ್‌ನವರು ಕಂಡುಕೊಂಡ ಮದ್ದು ಸರಳ: ತವರಕ್ಕೆ ಸ್ವಲ್ಪ ಸೀಸ ಬೆರೆಸಿ. ಮುಂದೆ ದಶಕಗಳ ಕಾಲ ಎಲ್ಲರೂ ಬೆರೆಸಿದರು, ಯಾಕೆ ಬೆರೆಸ್ತಿದ್ದೀವಿ ಅನ್ನೋದನ್ನ ಬಹಳ ಜನ ಮರೆತೂಬಿಟ್ಟರು. ನಮ್ಮ ಕೋಡ್‌ನಲ್ಲೂ ಹೀಗೇ ಅಲ್ವಾ, ಕಾಮೆಂಟ್ ಇಲ್ಲದ ಒಂದು ಸಾಲು, ತೆಗೆದ ಮೇಲೇ ಗೊತ್ತಾಗೋದು.

ತೆಗೆದದ್ದು ಯುರೋಪಿನ ರೋಹ್ಸ್ ನಿಯಮ. 2002ರ ಕಾನೂನು, ಜಾರಿಗೆ ಬಂದದ್ದು 2006ರ ಜುಲೈ 1ಕ್ಕೆ. ಸೀಸ 0.1% ದಾಟಬಾರದು, ಕ್ಯಾಡ್ಮಿಯಂ 0.01% ದಾಟಬಾರದು. ಲೇಪದ ಮಟ್ಟಿಗೆ ಇನ್ನೊಂದು ಕಷ್ಟ: ಈ ಮಿತಿ ಇಡೀ ಫೋನಿನ ತೂಕಕ್ಕಲ್ಲ, ಒಂದೇ ಥರದ ಪ್ರತಿ ವಸ್ತುವಿಗೂ ಲೆಕ್ಕ. ಕೆಲವೇ ಮೈಕ್ರಾನ್‌ನ ಲೇಪವೂ ಪ್ರತ್ಯೇಕ ವಸ್ತುವೇ.

ನನ್ನ ಪ್ರಕಾರ ಕಾನೂನು ತಪ್ಪಲ್ಲ. ದೆಹಲಿಯಲ್ಲಿರೋರು ಸೀಲಂಪುರದ ಕಡೆ ಹೋಗಿದ್ದರೆ ಗೊತ್ತು, ಹಳೇ ಬೋರ್ಡುಗಳನ್ನು ಬರಿಗೈಯಲ್ಲಿ ಬಿಚ್ಚೋರು ಯಾರು, ಆ ಹೊಗೆ ಯಾರ ಎದೆಗೆ ಹೋಗುತ್ತೆ ಅಂತ. ಆದರೆ ಸೀಸ ಬಿಟ್ಟರೆ ಅಪಾಯ ಜಾಗ ಬದಲಿಸುತ್ತೆ. 1998ರ ಮೇನಲ್ಲಿ ಗ್ಯಾಲಕ್ಸಿ-4 ಉಪಗ್ರಹ ಕೆಟ್ಟು ಅಮೆರಿಕದ ಬಹುಪಾಲು ಪೇಜರ್‌ಗಳು ಸತ್ತಂತಾದವು. ಅದನ್ನು ಕಟ್ಟಿದ ಹ್ಯೂಸ್ ಕಂಪನಿ ಬೊಟ್ಟು ಮಾಡಿದ್ದು ತವರದ ಕೂದಲಿನ ಕಡೆಗೇ. ರೋಹ್ಸ್ ಸೇನೆ, ಬಾಹ್ಯಾಕಾಶದ ಉಪಕರಣಗಳನ್ನು ಹೊರಗಿಟ್ಟಿದೆ. ತಮಾಷೆ ನೋಡಿ: ನಾಸಾ ತವರದ ಲೇಪದಲ್ಲಿ ಕನಿಷ್ಠ 3% ಸೀಸ ಇರಲೇಬೇಕು ಅನ್ನುತ್ತೆ, ನಿಮ್ಮ ಫೋನಿಗೆ 0.1% ದಾಟಿದರೆ ಮಾರೋ ಹಾಗಿಲ್ಲ.

ಫೋನ್ ತಯಾರಕರು ದಾರಿ ಹುಡುಕಿಕೊಂಡರು. ಹೊಳಪಿನ ತವರದ ಬದಲು ಮಂಕು ತವರ, ಅದರ ಕೆಳಗೆ ನಿಕಲ್ ಪದರ, ಲೇಪ ಆದ ಮೇಲೆ 150 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸೋದು. ಕೂದಲು ಕಡಿಮೆಯಾಗುತ್ತೆ, ಪೂರ್ತಿ ನಿಲ್ಲುತ್ತೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ.

ನಮ್ಮಲ್ಲಿ 2011ರ ಇ-ತ್ಯಾಜ್ಯ ನಿಯಮಗಳಲ್ಲಿ ಇದೇ ಮಿತಿಗಳು ಬಂದವು, 2014ರ ಮೇ 1ರಿಂದ ಕಡ್ಡಾಯ. ಅದಕ್ಕೂ ಮುಂಚಿನ ಟಿವಿ, ಕಂಪ್ಯೂಟರ್‌ಗಳು ಇನ್ನೂ ಅಟ್ಟದ ಮೇಲಿವೆ. ಗುಜರಿಯವನಿಗೆ ಕೊಡೋ ಮುಂಚೆ ನೋಂದಾಯಿತ ರೀಸೈಕ್ಲರ್ ಹತ್ತಿರದಲ್ಲಿ ಇದ್ದಾರಾ ಅಂತ ಒಮ್ಮೆ ವಿಚಾರಿಸಿ.