ಶಾಲೆಯಲ್ಲಿ ಮನೋಚಿಕಿತ್ಸೆ, ಬಿಲ್ಲು ಸರ್ಕಾರಿ ವಿಮೆಗೆ: ಅಮೆರಿಕದ ಮೆಡಿಕೇಡ್ ವ್ಯವಸ್ಥೆಯ ಒಳನೋಟ

ಅಮೆರಿಕದ ಸರ್ಕಾರಿ ಶಾಲೆಯೊಂದರಲ್ಲಿ ಖಿನ್ನತೆಯಿಂದ ಬಳಲುವ ವಿದ್ಯಾರ್ಥಿಗೆ ಆಪ್ತ ಸಮಾಲೋಚನೆ ದೊರೆತರೆ, ಅದರ ವೆಚ್ಚದ ಒಂದು ಪಾಲು ಆರೋಗ್ಯ ವಿಮೆಯಿಂದ ಬರಬಹುದು. ಬಡವರಿಗಾಗಿ ಇರುವ ಸಾರ್ವಜನಿಕ ವಿಮೆ 'ಮೆಡಿಕೇಡ್‌'ಗೆ ಆಸ್ಪತ್ರೆಗಳಂತೆಯೇ ಶಾಲೆಗಳೂ ಬಿಲ್ಲು ಸಲ್ಲಿಸಬಲ್ಲವು. ಒಟ್ಟು ಮೆಡಿಕೇಡ್ ವೆಚ್ಚದಲ್ಲಿ ಶಾಲೆಗಳ ಪಾಲು ಶೇ. 1ಕ್ಕಿಂತ ಕಡಿಮೆ. ಆದರೆ ಶಾಲೆಗಳ ದೃಷ್ಟಿಯಿಂದ ನೋಡಿದರೆ, ಅವುಗಳಿಗೆ ಬರುವ ಫೆಡರಲ್ ನೆರವಿನ ದೊಡ್ಡ ಮೂಲಗಳಲ್ಲಿ ಇದೂ ಒಂದು. ಈ ಹಣ ಎಲ್ಲ ಶಾಲೆಗಳಿಗೂ ಸಮನಾಗಿ ತಲುಪುವುದಿಲ್ಲ. ಮಗುವಿನ ಅಗತ್ಯದಷ್ಟೇ ಶಾಲೆಯ ಲೆಕ್ಕಪತ್ರ ವಿಭಾಗದ ಸಾಮರ್ಥ್ಯವೂ ಇಲ್ಲಿ ನಿರ್ಣಾಯಕವಾಗುತ್ತದೆ.

ಏನಿದು ಮೆಡಿಕೇಡ್?

1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನಿನಿಂದ ಜಾರಿಗೆ ಬಂದ ಈ ಯೋಜನೆಯನ್ನು ಫೆಡರಲ್ ಸರ್ಕಾರ ಮತ್ತು ರಾಜ್ಯಗಳು ಜಂಟಿಯಾಗಿ ನಡೆಸುತ್ತವೆ. ರಾಜ್ಯವೊಂದು ಮಾಡುವ ಚಿಕಿತ್ಸಾ ವೆಚ್ಚದಲ್ಲಿ ಕನಿಷ್ಠ ಶೇ. 50ರಷ್ಟನ್ನು ಫೆಡರಲ್ ಸರ್ಕಾರ ಭರಿಸುತ್ತದೆ. ಬಡ ರಾಜ್ಯಗಳಿಗೆ ಈ ಪ್ರಮಾಣ ಶೇ. 70ನ್ನೂ ಮೀರುತ್ತದೆ. ಮಕ್ಕಳ ಆರೋಗ್ಯ ವಿಮಾ ಯೋಜನೆಯೂ ಸೇರಿದರೆ, ದೇಶದ ಹತ್ತು ಮಕ್ಕಳಲ್ಲಿ ಸುಮಾರು ನಾಲ್ವರು ಇದರ ಆಸರೆಯಲ್ಲಿದ್ದಾರೆ.

21 ವರ್ಷದೊಳಗಿನ ಫಲಾನುಭವಿಗಳ ವಿಷಯದಲ್ಲಿ ಕಾನೂನು ಇನ್ನಷ್ಟು ಉದಾರವಾಗಿದೆ. ತಪಾಸಣೆಯಲ್ಲಿ ಕಂಡುಬಂದ ದೈಹಿಕ ಅಥವಾ ಮಾನಸಿಕ ತೊಂದರೆಗೆ ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆಯನ್ನು ರಾಜ್ಯಗಳು ಒದಗಿಸಲೇಬೇಕು. 1967ರಲ್ಲಿ ಆರಂಭವಾದ ಈ ಬಾಧ್ಯತೆಯನ್ನು 1989ರಲ್ಲಿ ಮತ್ತಷ್ಟು ಬಿಗಿಗೊಳಿಸಲಾಯಿತು.

ಶಾಲೆಗೆ ಬಂದ ದಾರಿ

ಅಂಗವಿಕಲ ಮಕ್ಕಳಿಗೂ ಉಚಿತ ಶಿಕ್ಷಣ ನೀಡಬೇಕೆಂದು 1975ರ ಕಾನೂನು ಶಾಲೆಗಳಿಗೆ ವಿಧಿಸಿತು. ಇದರಿಂದ ಬೀಳುವ ಹೆಚ್ಚುವರಿ ಹೊರೆಯಲ್ಲಿ ಶೇ. 40ರವರೆಗೆ ಭರಿಸುವ ಭರವಸೆಯನ್ನು ಫೆಡರಲ್ ಸರ್ಕಾರ ನೀಡಿತ್ತಾದರೂ, ಅದು ಒಮ್ಮೆಯೂ ಪೂರ್ಣವಾಗಿ ಈಡೇರಲಿಲ್ಲ. ಈ ಕೊರತೆಯನ್ನು ಭಾಗಶಃ ತುಂಬಲು 1988ರಲ್ಲಿ ಸಂಸತ್ತು ಮೆಡಿಕೇಡ್ ಬಾಗಿಲನ್ನು ತೆರೆಯಿತು. ವಿಶೇಷ ಶಿಕ್ಷಣ ಪಡೆಯುವ ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ನಮೂದಾದ ವಾಕ್ ಚಿಕಿತ್ಸೆ, ಭೌತ ಚಿಕಿತ್ಸೆ, ಮನೋವೈಜ್ಞಾನಿಕ ಸೇವೆ ಮುಂತಾದವುಗಳಿಗೆ ವಿಮಾ ಹಣ ಪಡೆಯಲು ಹಾದಿ ಸುಗಮವಾಯಿತು.

ಉಳಿದ ಮಕ್ಕಳ ಪಾಡು ಬೇರೆಯೇ ಆಗಿತ್ತು. ಎಲ್ಲರಿಗೂ ಉಚಿತವಾಗಿ ಸಿಗುವ ಸೇವೆಗೆ ಮೆಡಿಕೇಡ್ ಹಣ ಕೊಡದು ಎಂಬ 'ಉಚಿತ ಆರೈಕೆ' ನಿಯಮವನ್ನು 1997ರ ಮಾರ್ಗಸೂಚಿ ಸಾರಿತ್ತು. ಶಾಲಾ ಸಮಾಲೋಚಕರು ಯಾವ ವಿದ್ಯಾರ್ಥಿಯಿಂದಲೂ ಶುಲ್ಕ ಪಡೆಯುವುದಿಲ್ಲವಾದ್ದರಿಂದ, ಬಡ ಮಕ್ಕಳ ಪರವಾಗಿಯೂ ಬಿಲ್ಲು ಸಲ್ಲಿಸುವಂತಿರಲಿಲ್ಲ. ಒಕ್ಲಹೋಮ ರಾಜ್ಯ ಇದನ್ನು ಪ್ರಶ್ನಿಸಿತು. ಈ ನಿಯಮಕ್ಕೆ ಕಾನೂನಿನ ಆಧಾರವಿಲ್ಲವೆಂದು ಆರೋಗ್ಯ ಇಲಾಖೆಯ ಮೇಲ್ಮನವಿ ಮಂಡಳಿಯೇ 2004ರಲ್ಲಿ ತೀರ್ಪು ನೀಡಿತು. ಆದರೂ ನಿಯಮ ಅಧಿಕೃತವಾಗಿ ರದ್ದಾಗಲು 2014ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಆ ಬಳಿಕ ಲೂಸಿಯಾನಾ, ಮಿಷಿಗನ್ ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಮೆಡಿಕೇಡ್ ಪಡೆಯುವ ಎಲ್ಲ ವಿದ್ಯಾರ್ಥಿಗಳ ಸೇವೆಗೂ ಈ ವ್ಯವಸ್ಥೆಯನ್ನು ವಿಸ್ತರಿಸಿದವು.

ಬಿಲ್ಲು ಪಾವತಿಯಾಗುವ ಬಗೆ

ಬಿಲ್ಲು ಅಂಗೀಕಾರವಾಗಲು ಹಲವು ಷರತ್ತುಗಳಿವೆ. ಮಗುವಿನ ಹೆಸರು ಮೆಡಿಕೇಡ್ ಪಟ್ಟಿಯಲ್ಲಿರಬೇಕು. ಸೇವೆ ವೈದ್ಯಕೀಯವಾಗಿ ಅಗತ್ಯವೆನಿಸಬೇಕು. ಸೇವೆ ನೀಡಿದವರಿಗೆ ರಾಜ್ಯ ಒಪ್ಪುವ ಅರ್ಹತೆ ಇರಬೇಕು. ದಿನಾಂಕ, ಅವಧಿ, ಉದ್ದೇಶ ಇವೆಲ್ಲ ದಾಖಲಾಗಿರಬೇಕು. ವಿಶೇಷ ಶಿಕ್ಷಣದ ಮಕ್ಕಳ ವಿಷಯದಲ್ಲಿ ಮೊದಲ ಬಿಲ್ಲಿಗೆ ಮುನ್ನ ಪೋಷಕರ ಲಿಖಿತ ಒಪ್ಪಿಗೆ ಕಡ್ಡಾಯ. ಪ್ರತಿವರ್ಷ ಅವರಿಗೆ ಲಿಖಿತ ಸೂಚನೆಯನ್ನೂ ಕಳುಹಿಸಬೇಕು. ಪೋಷಕರು ಒಪ್ಪದಿದ್ದರೂ ಸೇವೆಯನ್ನು ನಿಲ್ಲಿಸುವಂತಿಲ್ಲ.

ಅನೇಕ ರಾಜ್ಯಗಳಲ್ಲಿ ಶಾಲಾಡಳಿತ ಮೊದಲು ತನ್ನ ಹಣವನ್ನೇ ವ್ಯಯಿಸುತ್ತದೆ. ಆ ವೆಚ್ಚವನ್ನೇ ರಾಜ್ಯದ ಪಾಲೆಂದು ಪ್ರಮಾಣೀಕರಿಸಿ ಫೆಡರಲ್ ಪಾಲನ್ನು ಕೋರಲಾಗುತ್ತದೆ. ಶೇ. 60ರ ಪ್ರಮಾಣವಿರುವ ರಾಜ್ಯದಲ್ಲಿ 100 ಡಾಲರ್ ಸೇವೆಗೆ 60 ಡಾಲರ್ ಹಿಂತಿರುಗುತ್ತದೆ. ಕೆಲವು ರಾಜ್ಯಗಳು ಅದರಲ್ಲಿಯೂ ಒಂದಂಶವನ್ನು ತಾವೇ ಉಳಿಸಿಕೊಳ್ಳುತ್ತವೆ.

ಸಿಬ್ಬಂದಿಯ ವೇಳೆಯಲ್ಲಿ ಆರೋಗ್ಯ ಕಾರ್ಯಕ್ಕೆ ವಿನಿಯೋಗವಾದ ಪಾಲನ್ನು ಲೆಕ್ಕಹಾಕುವ ಕ್ರಮವೂ ವಿಶಿಷ್ಟವಾದುದು. ಯಾದೃಚ್ಛಿಕವಾಗಿ ಆರಿಸಿದ ಒಂದು ನಿಮಿಷದಲ್ಲಿ ತಾವು ಏನು ಮಾಡುತ್ತಿದ್ದಿರೆಂದು ಸಿಬ್ಬಂದಿಯನ್ನು ಕೇಳಲಾಗುತ್ತದೆ. ಇಂತಹ ಸಾವಿರಾರು ಉತ್ತರಗಳ ಸರಾಸರಿಯೇ ಮರುಪಾವತಿಯ ಲೆಕ್ಕಕ್ಕೆ ಆಧಾರವಾಗುತ್ತದೆ.

ತಪ್ಪಿದರೆ ದಂಡವೂ ಭಾರಿ. ಶಾಲಾ ಸೇವೆಗಳ ಬಿಲ್ಲಿನಲ್ಲಿ ಲೋಪವಾಗಿತ್ತೆಂಬ ಆರೋಪದ ಇತ್ಯರ್ಥಕ್ಕಾಗಿ 2009ರಲ್ಲಿ ನ್ಯೂಯಾರ್ಕ್ ರಾಜ್ಯ ಮತ್ತು ನ್ಯೂಯಾರ್ಕ್ ನಗರ ಒಟ್ಟು ಸುಮಾರು 54 ಕೋಟಿ ಡಾಲರ್ ಹಿಂತಿರುಗಿಸಲು ಒಪ್ಪಿದವು. ನೂರಾರು ಶಾಲೆಗಳಿರುವ ನಗರಾಡಳಿತ ಬಿಲ್ಲಿಂಗ್‌ಗೆಂದೇ ಪ್ರತ್ಯೇಕ ಸಿಬ್ಬಂದಿಯನ್ನು ನೇಮಿಸಬಲ್ಲದು. ಒಬ್ಬಳೇ ಸಮಾಲೋಚಕಿ ನಾಲ್ಕು ಶಾಲೆಗಳನ್ನು ಸುತ್ತುವ ಗ್ರಾಮೀಣ ಪ್ರದೇಶದಲ್ಲಿ ಅದು ಅಸಾಧ್ಯ. ಮರಳಿ ಬರುವ ಹಣಕ್ಕಿಂತ ಕಾಗದಪತ್ರದ ಖರ್ಚೇ ಹೆಚ್ಚೆಂದು ಬಿಲ್ಲನ್ನೇ ಕೈಬಿಡುವ ಶಾಲಾಡಳಿತಗಳಿವೆ. ಹೀಗೆ, ಸಮೀಪದಲ್ಲಿ ಚಿಕಿತ್ಸಾಲಯವೂ ಇಲ್ಲದ ಮಕ್ಕಳೇ ಈ ನೆರವಿನಿಂದ ವಂಚಿತರಾಗುತ್ತಾರೆ.

ಬಿಕ್ಕಟ್ಟು ಮತ್ತು ಸುಧಾರಣೆ

ಕೋವಿಡ್ ನಂತರ ಈ ಪ್ರಶ್ನೆ ಮುನ್ನೆಲೆಗೆ ಬಂದಿತು. 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹಾಗೂ ಇತರ ಸಂಘಟನೆಗಳು ಮಕ್ಕಳ ಮಾನಸಿಕ ಆರೋಗ್ಯದಲ್ಲಿ ರಾಷ್ಟ್ರೀಯ ತುರ್ತುಸ್ಥಿತಿ ತಲೆದೋರಿದೆಯೆಂದು ಘೋಷಿಸಿದವು. ಅದೇ ಡಿಸೆಂಬರ್‌ನಲ್ಲಿ ಅಂದಿನ ಸರ್ಜನ್ ಜನರಲ್, ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ, ಯುವಜನರ ಮಾನಸಿಕ ಆರೋಗ್ಯ ಕುರಿತು ವಿಶೇಷ ಸಲಹಾಪತ್ರ ಹೊರಡಿಸಿದರು. 2021ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ. 42ರಷ್ಟು ಪ್ರೌಢಶಾಲಾ ವಿದ್ಯಾರ್ಥಿಗಳು ನಿರಂತರ ದುಃಖ ಅಥವಾ ಹತಾಶೆ ತಮ್ಮನ್ನು ಕಾಡಿದೆಯೆಂದರು. 2023ರಲ್ಲಿ ಈ ಪ್ರಮಾಣ ಶೇ. 40ರಷ್ಟಿತ್ತು. ವೃತ್ತಿಸಂಘದ ಶಿಫಾರಸಿನಂತೆ 500 ವಿದ್ಯಾರ್ಥಿಗಳಿಗೆ ಒಬ್ಬ ಶಾಲಾ ಮನೋವಿಜ್ಞಾನಿ ಇರಬೇಕು. ವಾಸ್ತವದಲ್ಲಿ ಒಬ್ಬರ ಪಾಲಿಗೆ ಸರಾಸರಿ ಸಾವಿರಕ್ಕೂ ಹೆಚ್ಚು ಮಕ್ಕಳಿದ್ದಾರೆ.

2022ರ ಮೇ ತಿಂಗಳಲ್ಲಿ ಟೆಕ್ಸಾಸ್‌ನ ಯುವಾಲ್ಡಿಯ ಶಾಲೆಯಲ್ಲಿ ನಡೆದ ಗುಂಡಿನ ದಾಳಿಗೆ 19 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಬಲಿಯಾದರು. ಮರುತಿಂಗಳೇ ಉಭಯ ಪಕ್ಷಗಳ ಬೆಂಬಲದಿಂದ ಹೊಸ ಕಾನೂನು ಬಂದಿತು. ಶಾಲೆಗಳ ಮೆಡಿಕೇಡ್ ಬಿಲ್ಲಿಂಗ್ ಸರಳಗೊಳಿಸಲು ರಾಜ್ಯಗಳಿಗೆ 5 ಕೋಟಿ ಡಾಲರ್ ಅನುದಾನ, ತಾಂತ್ರಿಕ ನೆರವಿನ ಕೇಂದ್ರ ಮತ್ತು ಹೊಸ ಮಾರ್ಗಸೂಚಿಗೆ ಅದು ಅವಕಾಶ ಕಲ್ಪಿಸಿತು. 2023ರ ಮೇನಲ್ಲಿ ಪ್ರಕಟವಾದ ಮಾರ್ಗಸೂಚಿ, ಶಾಲಾ ಸಿಬ್ಬಂದಿಯ ಅರ್ಹತೆಯನ್ನು ಪ್ರತ್ಯೇಕವಾಗಿ ನಿಗದಿಪಡಿಸಲು ರಾಜ್ಯಗಳಿಗೆ ಸಡಿಲಿಕೆ ನೀಡಿತು. ಕ್ಯಾಲಿಫೋರ್ನಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಶಾಲೆಯಲ್ಲಿ ದೊರೆಯುವ ಮಾನಸಿಕ ಆರೋಗ್ಯ ಸೇವೆಗೆ ನಿಗದಿತ ದರದಲ್ಲಿ ಖಾಸಗಿ ವಿಮಾ ಕಂಪನಿಗಳೂ ಹಣ ಕೊಡಬೇಕೆಂಬ ವ್ಯವಸ್ಥೆಯನ್ನು ಅದು 2024ರಿಂದ ಹಂತಹಂತವಾಗಿ ಜಾರಿಗೊಳಿಸತೊಡಗಿತು.

ಮುಂದಿನ ಹಾದಿ

2025ರಲ್ಲಿ ಗಾಳಿ ಬೇರೆ ದಿಕ್ಕಿಗೆ ತಿರುಗಿತು. 2022ರ ಕಾನೂನಿನಡಿ ಶಾಲಾ ಮಾನಸಿಕ ಆರೋಗ್ಯ ಸಿಬ್ಬಂದಿಗಾಗಿ ನೀಡಲಾಗಿದ್ದ ಸುಮಾರು 100 ಕೋಟಿ ಡಾಲರ್ ಅನುದಾನವನ್ನು ಮುಂದುವರಿಸುವುದಿಲ್ಲವೆಂದು ಶಿಕ್ಷಣ ಇಲಾಖೆ ಏಪ್ರಿಲ್‌ನಲ್ಲಿ ತಿಳಿಸಿತು. ಹಲವು ರಾಜ್ಯಗಳು ಇದರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದವು. ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಕಾನೂನು, ಸಂಸತ್ತಿನ ಬಜೆಟ್ ಕಚೇರಿಯ ಅಂದಾಜಿನಂತೆ, ಹತ್ತು ವರ್ಷಗಳಲ್ಲಿ ಮೆಡಿಕೇಡ್‌ನ ಫೆಡರಲ್ ವೆಚ್ಚವನ್ನು 90,000 ಕೋಟಿ ಡಾಲರ್‌ಗೂ ಹೆಚ್ಚು ತಗ್ಗಿಸಲಿದೆ.

ಈ ಕಾನೂನು ಶಾಲಾ ಸೇವೆಗಳನ್ನು ಹೆಸರಿಸಿ ಕಡಿತಗೊಳಿಸಿಲ್ಲ. ಮಕ್ಕಳ ಚಿಕಿತ್ಸೆಯ ಬಾಧ್ಯತೆಯೂ ಹಾಗೆಯೇ ಉಳಿದಿದೆ. ಆದರೆ ಪೋಷಕರು ವಿಮೆ ಕಳೆದುಕೊಂಡಾಗ ಮಕ್ಕಳ ನೋಂದಣಿಯೂ ಕುಗ್ಗುವ ಸಂಭವವಿರುತ್ತದೆ. ಬೊಕ್ಕಸ ಬರಿದಾದ ರಾಜ್ಯಗಳು ತಮ್ಮ ಐಚ್ಛಿಕ ವಿಸ್ತರಣೆಗಳನ್ನು ಮರುಪರಿಶೀಲಿಸಬಹುದು. ಅನುದಾನಕ್ಕೆ ಅವಧಿಯಿರುತ್ತದೆ, ವಿಮೆಯ ಹಣ ವರ್ಷವರ್ಷವೂ ಬರುತ್ತದೆ ಎಂಬ ನಂಬಿಕೆಯಿಂದಲೇ ಅನೇಕ ಶಾಲಾಡಳಿತಗಳು ಸಮಾಲೋಚಕರನ್ನು ನೇಮಿಸಿಕೊಂಡಿದ್ದವು. ಆ ಹುದ್ದೆಗಳು ಉಳಿಯುವುದು ರಾಜ್ಯಗಳ ಬಜೆಟ್‌ನಲ್ಲಿ ಮೆಡಿಕೇಡ್‌ಗೆ ದೊರೆಯುವ ಆದ್ಯತೆಯನ್ನೇ ಅವಲಂಬಿಸಿದೆ.