ಮನೆ ಖಾಲಿ ಮಾಡಿ ಎನ್ನುವ ಮುನ್ನ

ಲೀಡ್ಸ್ ನಗರದ ಹೆಡಿಂಗ್ಲಿ ಬಡಾವಣೆಯಲ್ಲಿ ಕೆಂಪು ಇಟ್ಟಿಗೆಯ ಹಳೆಯ ಮನೆಗಳು ಒಂದಕ್ಕೊಂದು ಗೋಡೆ ತಾಗಿಸಿಕೊಂಡು ಸಾಲಾಗಿ ನಿಂತಿವೆ. ವಿದ್ಯಾರ್ಥಿಗಳು ನಾಲ್ಕೈದು ಮಂದಿ ಸೇರಿ ಒಂದೊಂದು ಮನೆ ಹಿಡಿಯುತ್ತಾರೆ. ಅಂಥ ಮನೆಯೊಂದರ ಮಾಲೀಕರು ದಾವಣಗೆರೆ ಕಡೆಯಿಂದ ಬಂದು, ಇಲ್ಲಿನ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯ ವೈದ್ಯರು. ಈ ಜನವರಿಯಲ್ಲಿ ಅವರ ಮನೆಗೆ ಊಟಕ್ಕೆ ಹೋದಾಗ ಒಂದಷ್ಟು ಕಾಗದಗಳನ್ನು ನನ್ನ ಮುಂದಿಟ್ಟರು.

“ನೀನು ಬಾಡಿಗೆ ಕಾನೂನಿನ ಚರಿತ್ರೆ ಓದ್ತಾ ಇದ್ದೀಯಲ್ಲಪ್ಪ, ಇದೇನು ಅಂತ ಬಿಡಿಸಿ ಹೇಳು. ಮೇ ತಿಂಗಳಿಂದ ನಮ್ಮ ಮನೆ ನಮ್ಮದಲ್ಲವಂತೆ!”

ಅವರು ಕೇಳಿದ್ದು ‘ರೆಂಟರ್ಸ್ ರೈಟ್ಸ್ ಆಕ್ಟ್’ ಬಗ್ಗೆ. 2025ರ ಅಕ್ಟೋಬರ್ 27ರಂದು ರಾಜನ ಅಂಕಿತ ಪಡೆದ ಈ ಕಾಯ್ದೆಯ ಮುಖ್ಯ ಭಾಗಗಳು ಇಂಗ್ಲೆಂಡಿನಲ್ಲಿ 2026ರ ಮೇ 1ರಿಂದ ಜಾರಿಯಾಗುತ್ತವೆ. ಮನೆ ನಮ್ಮದಲ್ಲ ಎಂಬ ಅವರ ಅಳಲು ಹೊಸದೇನಲ್ಲ. ಈ ದೇಶದ ಮನೆ ಮಾಲೀಕರು ನೂರಹತ್ತು ವರ್ಷಗಳಿಂದ ಅದನ್ನೇ ಹೇಳುತ್ತ ಬಂದಿದ್ದಾರೆ.

ಮೊದಲ ಮಹಾಯುದ್ಧದ ಕಾಲಕ್ಕೆ ಗ್ಲಾಸ್ಗೋ ನಗರದ ಹಡಗುಕಟ್ಟೆ, ಮದ್ದುಗುಂಡಿನ ಕಾರ್ಖಾನೆಗಳಿಗೆ ಕಾರ್ಮಿಕರು ಬಂದು ತುಂಬಿದರು. ಮಾಲೀಕರು ಬಾಡಿಗೆ ಏರಿಸಿದರು. ಗೋವನ್ ಬಡಾವಣೆಯ ಮೇರಿ ಬಾರ್ಬರ್ ಮತ್ತು ಅವರ ನೆರೆಹೊರೆಯ ಹೆಂಗಸರು ಬಾಡಿಗೆ ಕೊಡುವುದಿಲ್ಲವೆಂದು ಪಟ್ಟು ಹಿಡಿದರು. 1915ರ ನವೆಂಬರ್ 17ರಂದು ಸಾವಿರಾರು ಜನ ನ್ಯಾಯಾಲಯದ ಮುಂದೆ ಸೇರಿದರು. ಯುದ್ಧದ ನಡುವೆ ಕಾರ್ಖಾನೆ ನಿಲ್ಲುವುದನ್ನು ಸರ್ಕಾರ ಸಹಿಸುವಂತಿರಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಸಂಸತ್ತು ಸಣ್ಣ ಮನೆಗಳ ಬಾಡಿಗೆಯನ್ನು ಯುದ್ಧಾರಂಭದ ಮಟ್ಟದಲ್ಲಿ ಹಿಡಿದು ನಿಲ್ಲಿಸಿತು. ಮಾಲೀಕ ಮತ್ತು ಬಾಡಿಗೆದಾರರ ಕರಾರಿನೊಳಗೆ ಸರ್ಕಾರ ಹೀಗೆ ಕಾಲಿಟ್ಟಿತು.

ಆಮೇಲಿನ ಚರಿತ್ರೆ ತೂಗುಯ್ಯಾಲೆಯಂತಿದೆ. 1957ರ ಕಾಯ್ದೆ ಹಿಡಿತವನ್ನು ಸಡಿಲಿಸಿತು. ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಪೀಟರ್ ರಾಕ್‌ಮನ್ ಎಂಬ ಮಾಲೀಕ ಹಳೆಯ ಬಾಡಿಗೆದಾರರನ್ನು ಬೆದರಿಸಿ ಎಬ್ಬಿಸಿ, ಬೇರೆಲ್ಲೂ ಮನೆ ಸಿಗದ ಕೆರಿಬಿಯನ್ ವಲಸಿಗರಿಗೆ ಅದೇ ಕೋಣೆಗಳನ್ನು ದುಬಾರಿ ಬಾಡಿಗೆಗೆ ಕೊಡುತ್ತಿದ್ದ. 1963ರಲ್ಲಿ ಇದು ಬಯಲಾಗುವ ಹೊತ್ತಿಗೆ ಅವನು ಸತ್ತಿದ್ದ. ಅವನ ಹೆಸರು ಮಾತ್ರ ಇಂಗ್ಲಿಷ್ ನಿಘಂಟು ಸೇರಿತು. 1965ರಲ್ಲಿ ಹಿಡಿತ ಮತ್ತೆ ಬಿಗಿಯಾಯಿತು. 1988ರಲ್ಲಿ ಥ್ಯಾಚರ್ ಸರ್ಕಾರ ಅದನ್ನು ಪುನಃ ಸಡಿಲಿಸಿತು. ಆ ವರ್ಷದ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಕರಾರಿನ ಅವಧಿ ತೀರಿದ ಮೇಲೆ ಎರಡು ತಿಂಗಳ ನೋಟಿಸ್ ಕೊಟ್ಟರೆ ಸಾಕು, ಕಾರಣ ಹೇಳಬೇಕಿಲ್ಲ. ಈಗ ರದ್ದಾಗುತ್ತಿರುವುದು ಅದೇ. ರದ್ದು ಮಾಡುತ್ತೇವೆಂದು ಸರ್ಕಾರ 2019ರಲ್ಲೇ ಹೇಳಿತ್ತು. 2023ರಲ್ಲಿ ಬಂದ ಮಸೂದೆ ಮರುವರ್ಷದ ಚುನಾವಣೆಯಲ್ಲಿ ಬಿದ್ದುಹೋಯಿತು.

“ಕಾರಣ ಹೇಳಬೇಕು, ಅಷ್ಟೇ ಅಂಕಲ್. ಮನೆ ಮಾರುವುದಾದರೆ, ನೀವೇ ಬಂದು ಇರುವುದಾದರೆ, ಬಾಡಿಗೆ ಬಾಕಿಯಾದರೆ ತೆರವು ಕೇಳಬಹುದು.”

“ಹುಡುಗರು ಜುಲೈನಲ್ಲಿ ಹೋಗದಿದ್ದರೆ? ಸೆಪ್ಟೆಂಬರಿಗೆ ಹೊಸಬರಿಗೆ ಮಾತು ಕೊಟ್ಟಿರ್ತೀವಲ್ಲ?”

ವಿದ್ಯಾರ್ಥಿಗಳಿಗೆ ಮನೆ ಕೊಡುವವರ ನಿಜವಾದ ಚಿಂತೆ ಇದು. ಹೊಸ ಕಾನೂನಿನಲ್ಲಿ ಹನ್ನೆರಡು ತಿಂಗಳ ಕರಾರು ಎಂಬುದೇ ಇಲ್ಲ. ಬಾಡಿಗೆ ತಿಂಗಳಿಂದ ತಿಂಗಳಿಗೆ ಸಾಗುತ್ತದೆ, ಬಿಡಬೇಕೆನಿಸಿದವರು ಎರಡು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು. ಇದಕ್ಕೆ ಪರಿಹಾರವಾಗಿ ಕಾಯ್ದೆ ‘4ಎ’ ಎಂಬ ಕಾರಣವೊಂದನ್ನು ಸೇರಿಸಿದೆ. ಬೇರೆ ಬೇರೆ ಕುಟುಂಬಗಳ ಮೂವರು ಅಥವಾ ಹೆಚ್ಚು ಪೂರ್ಣಾವಧಿ ವಿದ್ಯಾರ್ಥಿಗಳು ಹಂಚಿಕೊಂಡಿರುವ ಮನೆಯನ್ನು ಮುಂದೆಯೂ ವಿದ್ಯಾರ್ಥಿಗಳಿಗೇ ಕೊಡುವುದಾದರೆ, ನಾಲ್ಕು ತಿಂಗಳ ನೋಟಿಸ್ ಕೊಟ್ಟು ಜೂನ್ 1ರಿಂದ ಸೆಪ್ಟೆಂಬರ್ 30ರೊಳಗೆ ತೆರವು ಕೇಳಬಹುದು. ಹೀಗೆ ಕೇಳುವ ಸಾಧ್ಯತೆಯಿದೆಯೆಂದು ಮೊದಲೇ ಬರೆದುಕೊಟ್ಟಿರಬೇಕು. ಮನೆಗೆ ಬರುವ ದಿನಕ್ಕಿಂತ ಆರು ತಿಂಗಳಿಗೂ ಮುಂಚೆ ಸಹಿ ಹಾಕಿಸಿಕೊಂಡಿದ್ದರೆ ಈ ದಾರಿ ಮುಚ್ಚಿದಂತೆ. ನವೆಂಬರಿನಲ್ಲೇ ಮುಂದಿನ ವರ್ಷದ ಮನೆಗೆ ಮುಗಿಬೀಳುವ ಇಲ್ಲಿನ ರೂಢಿಗೆ ಇದರಿಂದ ಪೆಟ್ಟು.

ಈ ವಿನಾಯಿತಿಗೂ ಚರಿತ್ರೆಯಿದೆ. 1974ರಲ್ಲಿ ಪೀಠೋಪಕರಣವಿರುವ ಬಾಡಿಗೆ ಮನೆಗಳಿಗೂ ರಕ್ಷಣೆ ಕೊಟ್ಟಾಗ, ವಿದ್ಯಾಸಂಸ್ಥೆಗಳು ತಮ್ಮ ವಿದ್ಯಾರ್ಥಿಗಳಿಗೆ ಕೊಡುವ ಕೋಣೆಗಳನ್ನು ಹೊರಗಿಟ್ಟರು. ವಿದ್ಯಾರ್ಥಿಯ ಮನೆಯನ್ನು ಮನೆಯೆಂದಲ್ಲ, ಶೈಕ್ಷಣಿಕ ವರ್ಷದ ಒಂದು ಭಾಗವೆಂದು ನೋಡುವ ಅಭ್ಯಾಸ ಅಷ್ಟು ಹಳೆಯದು. ಸ್ಕಾಟ್ಲೆಂಡ್ 2017ರಲ್ಲಿ ಇಂಥದೇ ಸುಧಾರಣೆ ತಂದಾಗ ಖಾಸಗಿ ಮಾಲೀಕರಿಗೆ ಈ ಬೇಸಿಗೆಯ ವಿನಾಯಿತಿ ಕೊಡಲಿಲ್ಲ. ಕಾನೂನು ಬೇರೆ ರೀತಿಯಲ್ಲೂ ಯೋಚಿಸಬಹುದಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ.

ಅಂಕಲ್ ಪೆನ್ನು ತೆಗೆದುಕೊಂಡು ದಿನಾಂಕಗಳನ್ನು ಬರೆದುಕೊಂಡರು. ಈಗಿರುವ ಹುಡುಗರಿಗೆ ಸರ್ಕಾರದ ಮಾಹಿತಿ ಪತ್ರವನ್ನೂ 4ಎ ಬಗ್ಗೆ ಲಿಖಿತ ಸೂಚನೆಯನ್ನೂ ಮೇ ತಿಂಗಳು ಮುಗಿಯುವುದರೊಳಗೆ ತಲುಪಿಸಬೇಕು. ಬಾಡಿಗೆ ವರ್ಷಕ್ಕೊಮ್ಮೆ ಮಾತ್ರ ಏರಿಸಬಹುದು, ಅದಕ್ಕೂ ಎರಡು ತಿಂಗಳ ಮುನ್ಸೂಚನೆ ಬೇಕು. ಅಲ್ಲಿಯವರೆಗೆ ತಲೆಯಾಡಿಸುತ್ತಿದ್ದವರು ಮುಂದಿನ ಸಾಲಿಗೆ ನಿಂತರು. ಒಂದು ತಿಂಗಳಿಗಿಂತ ಹೆಚ್ಚು ಬಾಡಿಗೆಯನ್ನು ಮುಂಗಡವಾಗಿ ಕೇಳುವಂತಿಲ್ಲ.

“ನಮ್ಮ ಕಡೆಯಿಂದ ಬರೋ ಹುಡುಗರಿಗೆ ಇಲ್ಲಿ ಜಾಮೀನು ನಿಲ್ಲೋರು ಯಾರೂ ಇರಲ್ಲ. ಆರು ತಿಂಗಳ ಬಾಡಿಗೆ ಇಸಕೊಂಡು ಮನೆ ಕೊಡ್ತಿದ್ದೆ. ಇನ್ನು ಹೇಗೆ?”

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಮೊದಲ ವರ್ಷ ಬೇರೊಬ್ಬ ಮಾಲೀಕರಿಗೆ ನಾನೂ ಆರು ತಿಂಗಳ ಬಾಡಿಗೆಯನ್ನು ಒಟ್ಟಿಗೇ ಕಟ್ಟಿದ್ದೆ. ಅದಕ್ಕೆ ಅಮ್ಮನ ಬಳೆಗಳು ಸೊಸೈಟಿಯಲ್ಲಿ ಅಡವು ಬಿದ್ದಿದ್ದವು. ಆ ಹಣ ನನಗೆ ಹೊರೆಯಾಗಿತ್ತು, ನಿಜ. ಒಳಗೆ ಹೋಗಲು ನನಗಿದ್ದ ಏಕೈಕ ಬಾಗಿಲೂ ಅದೇ ಆಗಿತ್ತು. ಕಾನೂನು ಹೊರೆಯನ್ನು ಇಳಿಸುತ್ತಿದೆ. ಬಾಗಿಲನ್ನು ಯಾರು ತೆರೆಯುತ್ತಾರೆಂದು ಹೇಳುತ್ತಿಲ್ಲ. ಜಾಮೀನು ಕೇಳುವುದಕ್ಕೆ ಅಡ್ಡಿಯಿಲ್ಲದ್ದರಿಂದ, ಇಲ್ಲಿ ಬಂಧುಗಳಿಲ್ಲದವರನ್ನು ಮಾಲೀಕರು ಸದ್ದಿಲ್ಲದೆ ಪಟ್ಟಿಯಿಂದ ಬಿಡಬಹುದು. ನೂರು ವರ್ಷಗಳ ಈ ಚರಿತ್ರೆಯಲ್ಲಿ ಪದೇ ಪದೇ ಕಾಣುವುದು ಇದೇ. ಒಳಗಿರುವವರ ರಕ್ಷಣೆ ಹೆಚ್ಚಿದಾಗಲೆಲ್ಲ, ಹೊರಗೆ ನಿಂತವರನ್ನು ಆರಿಸುವ ಅಧಿಕಾರ ಮಾಲೀಕರ ಕೈಯಲ್ಲೇ ಉಳಿಯುತ್ತದೆ.

ಇದನ್ನು ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು.

“ಎಪ್ಪತ್ತರ ದಶಕದಲ್ಲಿ ನಾನು ಫೋನ್ ಮಾಡಿದರೆ ಮನೆ ಖಾಲಿ ಇದೆ ಅಂತಿದ್ರು. ಹೆಸರು ಹೇಳಿದ ಕೂಡಲೇ ‘ಈಗ ತಾನೇ ಹೋಯಿತು’ ಅಂತಿದ್ರು. ಕಡೆಗೆ ಒಬ್ಬಳು ಮುದುಕಿ ಏನೂ ಕೇಳದೆ ಕೀಲಿಕೈ ಕೊಟ್ಟಳು.”

ಹೊಸ ಕಾನೂನಿಗೆ ಮಾಲೀಕರನ್ನು ಸಜ್ಜುಗೊಳಿಸುವುದೆಂದರೆ ದಿನಾಂಕ, ನಮೂನೆ, ದಂಡದ ಮೊತ್ತ ತಿಳಿಸುವುದೆಂದು ಅಲ್ಲಿಯವರೆಗೆ ನಾನು ಅಂದುಕೊಂಡಿದ್ದೆ. ಅಷ್ಟನ್ನು ಸರ್ಕಾರದ ಕೈಪಿಡಿಯೂ ತಿಳಿಸುತ್ತದೆ. ಯಾರನ್ನು ನಂಬಿ ಮನೆ ಕೊಡಬೇಕೆಂಬುದು ಅದರಲ್ಲಿರುವುದಿಲ್ಲ.

ಹೊರಡುವಾಗ ಅಂಕಲ್ ತಮ್ಮ ಹಳೆಯ ಜಾಹೀರಾತನ್ನು ತೋರಿಸಿದರು. ‘ಆರು ತಿಂಗಳ ಮುಂಗಡ ಅಥವಾ ಬ್ರಿಟನ್ನಿನ ಜಾಮೀನುದಾರ’ ಎಂದಿತ್ತು. ಮೊದಲ ಅರ್ಧವನ್ನು ಪೆನ್ನಿನಿಂದ ಹೊಡೆದುಹಾಕಿದರು. ಉಳಿದರ್ಧದ ಮೇಲೆ ಪೆನ್ನು ಇಟ್ಟುಕೊಂಡು ಯೋಚಿಸುತ್ತಿದ್ದಾಗ ನನ್ನ ಬಸ್ ಬಂತು.