ಹತ್ತಿ ನಮ್ದು, ಗಾಯಾನೂ ನಮ್ದು

ನಮ್ಮ ದೊಡ್ಡವ್ವಗ ಬಲಗಾಲಿನ ಹೆಬ್ಬೆರಳಿಲ್ಲ. ಯಲಬುರ್ಗಾ ಕಡಿ ಎರಿ ಹೊಲಕ್ಕ ಹತ್ತಿ ಬಿಡಿಸಾಕ ಹೋದಾಗ ಹತ್ತಿಕಟಿಗಿ ಚುಚ್ಚಿತ್ತು. ಹಳೇ ಸೀರಿ ಹರದು, ಅರಿಶಿಣ ಮೆತ್ತಿ ಕಟ್ಟಿಕೊಂಡ್ಲು. ಸಕ್ರಿ ಬ್ಯಾನಿ ಇದ್ದಾಕಿ, ನೋವು ಗೊತ್ತಾಗ್ಲೇ ಇಲ್ಲ. ಎಂಟು ದಿನಕ್ಕ ಬಿಚ್ಚಿದ್ರ ಬೆರಳು ಕಪ್ಪಾಗಿತ್ತು. ಸುತ್ತೆಲ್ಲ ಬೆಳ್ಳನ ಹತ್ತಿ, ಗಾಯಕ್ಕ ಮಾತ್ರ ಹೊಲಸು ಅರಿವಿ! ಇದು ಹೆಂಗ ಅಂತ ನನಗ ತಲಿ ಕೊರೀತಿತ್ತು.

ಒಂದು ಮಾಡಿ ನೋಡ್ರಿ. ಹೊಲದ ಹತ್ತಿ ಒಂದು ಚಿಟಿಕಿ ನೀರಾಗ ಹಾಕ್ರಿ, ತೇಲತೈತಿ. ಹತ್ತಿ ಎಳಿ ಮ್ಯಾಲ ಮೇಣ ಇರತೈತಿ, ಅದು ನೀರು ಹಿಡಿಯಂಗಿಲ್ಲ. ರಕ್ತ, ಕೀವೂ ಹೀರಂಗಿಲ್ಲ. ಮೆಡಿಕಲ್ ಅಂಗಡಿ ಹತ್ತಿ ಹಾಕ್ರಿ, ಹತ್ತು ಸೆಕೆಂಡಿನೊಳಗ ಮುಳಗತೈತಿ. ಫ್ಯಾಕ್ಟರಿಯಾಗ ಹತ್ತೀನ ಕ್ಷಾರದ ನೀರಾಗ ಕುದಿಸಿ ಮೇಣ ತಗೀತಾರ, ಬಿಳುಪು ಮಾಡಿ, ತೊಳದು, ಒಣಗಿಸಿ, ಹಿಂಜಿ, ಪದರು ಪದರಾಗಿ ನೀಲಿ ಕಾಗದದಾಗ ಸುತ್ತತಾರ. ಗಾಜ್ ಬಟ್ಟೀನೂ ಹಂಗ, ಬಿಡಿ ಬಿಡಿ ನೇಯ್ದ ಹತ್ತಿ ಅರಿವೀನ. ಅಂದ್ರ ನಮ್ಮ ಹೊಲದಿಂದ ಹೊಂಟ ಹತ್ತಿ ಊರೂರು ಸುತ್ತಿ ಮದ್ದಿನ ರೂಪದಾಗ ತಿರುಗಿ ಬರತೈತಿ.

ಹಳೇ ಅರಿವಿ ಕಟ್ಟಾಕಿ ನಮ್ಮ ದೊಡ್ಡವ್ವ ಒಬ್ಬಾಕಿ ಅಲ್ಲ. 1861ರಿಂದ 1865ರ ತನಕ ಅಮೆರಿಕದಾಗ ಅಂತರ್ಯುದ್ಧ ನಡದಾಗ, ಅಲ್ಲಿ ಹೆಣ್ಮಕ್ಳು ಮನ್ಯಾಗ ಕುಂತು ಹಳೇ ನಾರಬಟ್ಟಿ ಕೆರದು, ಎಳಿ ತಗದು ಸೈನಿಕರ ಗಾಯಕ್ಕ ಕಳಿಸ್ತಿದ್ರು. ಪ್ರೀತಿ ಕಮ್ಮಿ ಇದ್ದಿಲ್ಲ. ಆದ್ರ ಕಣ್ಣಿಗೆ ಕಾಣದ ಕ್ರಿಮಿ ಆ ಎಳಿ ಜೋಡಿನ ಗಾಯದೊಳಗ ಹೋಗ್ತಿದ್ವು.

1865ರಾಗ ಗ್ಲಾಸ್ಗೋದಾಗ ಗಾಡಿ ಗಾಲಿ ಹರದು ಕಾಲು ಮುರದಿದ್ದ 11 ವರ್ಷದ ಹುಡುಗನ್ನ ಜೋಸೆಫ್ ಲಿಸ್ಟರ್ ಅನ್ನೋ ಡಾಕ್ಟರ್ ಕಡೆ ತಂದ್ರು. ಅಂಥ ಕಾಲು ಕತ್ತರಿಸೋದ ಆಗಿನ ರೂಢಿ. ಅವರು ಕಾರ್ಬಾಲಿಕ್ ಆಮ್ಲದಾಗ ತೋಯಿಸಿದ ಬಟ್ಟಿ ಕಟ್ಟಿದ್ರು. ಕೀವಾಗ್ಲಿಲ್ಲ, ಆರು ವಾರದಾಗ ಎಲುಬು ಕೂಡ್ತು. 1880ರಾಗ ಬರ್ಮಿಂಗ್‌ಹ್ಯಾಮಿನ ಸ್ಯಾಂಪ್ಸನ್ ಗ್ಯಾಮ್ಜಿ, ಎರಡು ಗಾಜ್ ನಡುವ ಮೇಣ ತಗದ ಹತ್ತಿ ಇಟ್ಟು ಗಾದಿ ಮಾಡಿದ್ರು. ಇನ್ನು ಬ್ಯಾಂಡ್-ಏಡ್ ಹುಟ್ಟಿದ್ದು ಅಡಗಿಮನ್ಯಾಗ! ಜೋಸೆಫಿನ್ ಡಿಕ್ಸನ್ ಅನ್ನಾಕಿ ಪಲ್ಲೆ ಹೆಚ್ಚುವಾಗ ಬೆರಳು ಕೊಯ್ಕೊಳ್ಳೋದು ನೋಡಿ, 1920ರಾಗ ಗಂಡ ಅರ್ಲ್ ಅಂಟುಪಟ್ಟಿ ಮ್ಯಾಲ ಗಾಜ್ ತುಂಡು ಕೂಡಿಸಿಟ್ಟ. ಒಬ್ಬಾಕೀನ ಕತ್ತರಿಸಿ ಹಚ್ಕೋಬೋದಿತ್ತು.

ಗಂಗಾವತಿ ಗದ್ದಿ ಕೆಸರಾಗ ಕುಡುಗೋಲು ಹತ್ತಲಿ, ಕುಷ್ಟಗಿ ಹೊಲದಾಗ ಮುಳ್ಳು ಚುಚ್ಚಲಿ, ಮೊದಲು ಸಾಬೂನು ಹಚ್ಚಿ ಚಲೋ ನೀರಾಗ ತೊಳೀರಿ, ಆಮ್ಯಾಲ ಪೊಟ್ಟಣದ ಗಾಜ್ ಕಟ್ರಿ. ತೋದ್ರ, ಹೊಲಸಾದ್ರ ಬದಲಿಸ್ರಿ. ಧನುರ್ವಾಯು ಸೂಜಿ ಯಾವಾಗ ಆಗೇತಿ ಅಂತ ದವಾಖಾನ್ಯಾಗ ಕೇಳ್ರಿ. ಸಕ್ರಿ ಬ್ಯಾನಿ ಇದ್ದಾರು ದಿನಾ ರಾತ್ರಿ ಅಂಗಾಲು ನೋಡ್ಕೊಳ್ರಿ. ಗಾಯ ಕಂಡ್ರ ನೋವಾಗ್ಲಿ ಅಂತ ಕಾಯಬ್ಯಾಡ್ರಿ, ಡಾಕ್ಟರಿಗೆ ತೋರಿಸ್ರಿ.

ದೊಡ್ಡವ್ವ ಈಗ ಹತ್ತಿಗೆ ಹೋಗೂದಿಲ್ಲ. ಕಟ್ಟಿ ಮ್ಯಾಲ ಕುಂತು, ಹೋಗೋ ಹುಡಿಗೇರಿಗೆ ದಿನಾ ಒಂದ ಮಾತು ಹೇಳ್ತಾಳ: "ಚಪ್ಪಲಿ ಹಾಕ್ಕೊಂಡು ಹೋಗ್ರೆವಾ."